ಒಬ್ಬರು ಕಮ್ಮಿ ಇದ್ದೀವಿ, ಬರ್ತೀಯಾ?

ಹೋದ ವರ್ಷ ಜೂನ್‌ನಲ್ಲಿ ಪಿಯು ಕಾಲೇಜು ಶುರುವಾದ ಎರಡನೇ ವಾರ ನನ್ನ ಮಗಳು ತನ್ನ ಬಿಳಿ ಕ್ಯಾನ್ವಾಸ್ ಶೂ ತೊಳೆದು, ತಾರಸಿಯಲ್ಲಿ ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಶೂ ಹರಿದಿರಲಿಲ್ಲ. ಕಾಲಿಗೆ ಬಿಗಿಯೂ ಆಗಿರಲಿಲ್ಲ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುವಾಗ, ಸಂಜೆ ಬೀದಿಯಲ್ಲಿ ಷಟಲ್ ಆಡುವಾಗ ಹಾಕಿಕೊಳ್ಳುತ್ತಿದ್ದ ಶೂ ಅದು.

"ಯಾಕೇ, ಆಟ ಬಿಟ್ಟುಬಿಟ್ಯಾ?" ಎಂದೆ.

"ಯಾರ ಜೊತೆ ಆಡ್ಲಿ ಹೇಳಮ್ಮ."

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. "ಮನಸ್ಸಿದ್ರೆ ಜೊತೆ ತಾನಾಗೇ ಸಿಗುತ್ತೆ, ಇದೆಲ್ಲ ಸೋಮಾರಿತನ" ಎಂದುಬಿಟ್ಟೆ. ಅವಳು ಮತ್ತೆ ಮಾತಾಡಲಿಲ್ಲ, ಪುಸ್ತಕ ತೆಗೆದುಕೊಂಡು ಒಳಗೆ ಹೋದಳು. ಆ ಒಂದು ಪದ ಆಡಿದ್ದಕ್ಕೆ ವರ್ಷವಿಡೀ ನನ್ನ ಹೊಟ್ಟೆಯಲ್ಲಿ ಸಂಕಟವಿದೆ. ಅವಳ ವಯಸ್ಸಿನಲ್ಲಿ ನಾನೂ ಆಟ ಬಿಟ್ಟವಳು. ಆಗ ನನ್ನನ್ನು ಯಾರಾದರೂ ಸೋಮಾರಿ ಎಂದಿದ್ದರೆ ಅದು ಶುದ್ಧ ಸುಳ್ಳಾಗುತ್ತಿತ್ತು.

ನಾನು ಓದಿದ್ದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಶಾಲೆಯ ಹಿಂದೆ ತೆಂಗಿನ ತೋಟ, ಮುಂದೆ ಕೆಮ್ಮಣ್ಣಿನ ಬಯಲು. ಆ ಬಯಲಿನ ಎರಡು ತುದಿಗೆ ಎರಡು ಕಂಬ ನೆಟ್ಟು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಖೊಖೊ ಅಂಕಣ ಸಿದ್ಧ. ನಾನು ಚುರುಕಿನ ಹುಡುಗಿಯಲ್ಲ. ಓಟದ ಪಂದ್ಯದಲ್ಲಿ ಕೊನೆಯಿಂದ ಎರಡನೆಯವಳೋ ಮೂರನೆಯವಳೋ ಆಗಿರುತ್ತಿದ್ದೆ. ಆದರೂ ಎಂಟು, ಒಂಬತ್ತನೇ ತರಗತಿಯ ಅರ್ಧದವರೆಗೆ ಒಂದು ಸಂಜೆಯನ್ನೂ ತಪ್ಪಿಸದೆ ಆಡಿದೆ.

ಅದಕ್ಕೆ ಖೊಖೊ ಆಟದ ಕಟ್ಟೋಣವೇ ಕಾರಣ ಎಂದು ಈಗ ಅನ್ನಿಸುತ್ತದೆ. ಅಟ್ಟಿಸಿಕೊಂಡು ಹೋಗುವ ತಂಡದಲ್ಲಿ ಒಂಬತ್ತು ಜನ. ಎಂಟು ಜನ ನಡುಗೆರೆಯ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂತಿರಬೇಕು. ಓಡುವವಳು ಒಬ್ಬಳೇ. ಅವಳು ನಡುಗೆರೆ ದಾಟುವ ಹಾಗಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದೆ ತಿರುಗುವ ಹಾಗಿಲ್ಲ. ಆದ್ದರಿಂದ ಕೂತವರ ಬೆನ್ನು ಮುಟ್ಟಿ "ಖೋ" ಕೊಡಲೇಬೇಕು. ನಿಧಾನದವಳಿಗೂ ಅಲ್ಲಿ ಕೆಲಸವಿದೆ. ಎದ್ದು ನಾಲ್ಕು ಹೆಜ್ಜೆ ಓಡಿ, ಎದುರಾಳಿಯನ್ನು ಒಂದು ಮೂಲೆಗೆ ಒತ್ತಿ, ಸರಿಯಾದ ಹೊತ್ತಿಗೆ ಮುಂದಿನವಳಿಗೆ ಖೋ ಕೊಟ್ಟರೆ ಆಯಿತು. ಔಟ್ ಮಾಡುವವಳು ಇನ್ನೊಬ್ಬಳಿರಬಹುದು, ಆದರೆ ನಾನು ಎದ್ದು ಓಡದೆ ಅವಳಿಗೆ ದಾರಿ ತೆರೆಯುವುದಿಲ್ಲ. ಎಂಟೇ ಜನ ಬಂದ ದಿನ ಆಟ ಕುಂಟುತ್ತಿತ್ತು. ಆಗ ಯಾರಾದರೂ ನಮ್ಮ ಮನೆಯ ಹಿತ್ತಲ ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದರು: "ಒಬ್ರು ಕಮ್ಮಿ ಇದ್ದೀವಿ ಕಣೇ, ಬರ್ತೀಯಾ?"

ಆ ಕೂಗಿಗೆ ನಾನು ಹಾಲು ಕರೆಯುವ ಪಾತ್ರೆಯನ್ನು ಅಮ್ಮನ ಕೈಗಿಟ್ಟು ಓಡಿದ್ದೇನೆ, ಊಟದ ತಟ್ಟೆ ಬಿಟ್ಟು ಓಡಿದ್ದೇನೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಓಡುತ್ತಿದ್ದೆನೋ ಇಲ್ಲವೋ.

ಒಂಬತ್ತನೇ ತರಗತಿಯ ಮಧ್ಯದಲ್ಲಿ ನಾನು ದೊಡ್ಡವಳಾದೆ. ಆರತಿ ಆಯಿತು, ಚಿಗಳಿ, ಕೊಬ್ಬರಿ ಬೆಲ್ಲ ಆಯಿತು, ನೆಂಟರೆಲ್ಲ ಬಂದು ಹೋದರು. ಹದಿನೈದು ದಿನದ ಮೇಲೆ ಶಾಲೆಗೆ ಹೋದೆ. ಆಟ ಆಡಬೇಡ ಎಂದು ಯಾರೂ ಹೇಳಲಿಲ್ಲ. ಅಜ್ಜಿ ಹೇಳಲಿಲ್ಲ, ಅಪ್ಪ ಹೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಬೇಲಿಯ ಹತ್ತಿರದ ಕೂಗು ಮಾತ್ರ ನಿಂತುಹೋಯಿತು. ಗೆಳತಿಯರು ನನ್ನನ್ನು ಕರೆದರೆ ನಮ್ಮಮ್ಮ ಬೈಯುತ್ತಾರೇನೋ ಎಂದುಕೊಂಡಿದ್ದರು. ನಾನಾಗಿ ಹೋದರೆ ಊರವರು ಏನಂದುಕೊಳ್ಳುತ್ತಾರೋ ಎಂದು ನಾನು ಹೋಗಲಿಲ್ಲ. ಒಬ್ಬೊಬ್ಬರಾಗಿ ಅವರೂ ದೊಡ್ಡವರಾದರು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಅಂಕಣದ ಕಂಬಗಳಿಗೆ ಯಾರೋ ದನ ಕಟ್ಟುತ್ತಿದ್ದರು.

ಹದಿಹರೆಯದ ಮಕ್ಕಳು ಮೈದಾನ ಬಿಡುವುದು ಹೀಗೆ. ಯಾವುದೋ ಒಂದು ದಿನ ನಿರ್ಧಾರ ಮಾಡಿ ಬಿಡುವುದಿಲ್ಲ. ಕರೆಯುವವರು ಇಲ್ಲವಾಗುತ್ತಾರೆ, ಅಷ್ಟೇ.

ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2019ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರ ಅಧ್ಯಯನವೊಂದು ಬಂತು. 146 ದೇಶಗಳ, 11ರಿಂದ 17 ವರ್ಷದ ಸುಮಾರು 16 ಲಕ್ಷ ಶಾಲಾ ಮಕ್ಕಳ ಲೆಕ್ಕ ಅದರಲ್ಲಿತ್ತು. ಈ ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಉಸಿರು ಜೋರಾಗುವ ಹಾಗೆ ಮೈ ದಣಿಸಬೇಕು ಎಂಬುದು ಆ ಸಂಸ್ಥೆಯ ಸಲಹೆ. 2016ರ ಹೊತ್ತಿಗೆ ಜಗತ್ತಿನ 100 ಮಕ್ಕಳಲ್ಲಿ 81 ಮಂದಿ ಅಷ್ಟನ್ನೂ ಮಾಡುತ್ತಿರಲಿಲ್ಲ. ಹುಡುಗರಲ್ಲಿ ಸುಮಾರು 78, ಹುಡುಗಿಯರಲ್ಲಿ ಸುಮಾರು 85. ಭಾರತದ ಸಂಖ್ಯೆ ಸುಮಾರು 74. ಜಗತ್ತಿನ ಸರಾಸರಿಗಿಂತ ನಾವು ಮೇಲು.

ಇದನ್ನು ಓದಿ ಸಮಾಧಾನಪಡುವವಳಿದ್ದೆ. ಆಮೇಲೆ ಸಂಶೋಧಕರು ಕೊಟ್ಟ ವಿವರಣೆ ಕಣ್ಣಿಗೆ ಬಿತ್ತು. ಭಾರತ, ಬಾಂಗ್ಲಾದೇಶಗಳಲ್ಲಿ ಹುಡುಗರ ಸಂಖ್ಯೆ ಚೆನ್ನಾಗಿರುವುದಕ್ಕೆ ಕ್ರಿಕೆಟ್‌ನಂಥ ಆಟಗಳ ಹುಚ್ಚು ಕಾರಣವಿರಬಹುದು, ಹುಡುಗಿಯರ ಸಂಖ್ಯೆ ಚೆನ್ನಾಗಿರುವುದಕ್ಕೆ ಮನೆಗೆಲಸ ಕಾರಣವಿರಬಹುದು ಎಂದು ಅವರು ಹೇಳಿದ್ದರು. ನಾನು ಬಹಳ ಹೊತ್ತು ಆ ಸಾಲಿನ ಮುಂದೆಯೇ ಕೂತಿದ್ದೆ. ಆಟ ಬಿಟ್ಟ ಮೇಲೆ ನಾನೇನು ಸುಮ್ಮನೆ ಕೂತಿರಲಿಲ್ಲ. ಬೆಳಗ್ಗೆ ಎದ್ದು ಬಾವಿಯಿಂದ ಹನ್ನೆರಡು ಕೊಡ ನೀರು ಸೇದುತ್ತಿದ್ದೆ, ಕೊಟ್ಟಿಗೆ ಬಾಚುತ್ತಿದ್ದೆ, ಒರಳಲ್ಲಿ ರುಬ್ಬುತ್ತಿದ್ದೆ. ಆ ಲೆಕ್ಕದ ಪ್ರಕಾರ ನಾನು ಚಟುವಟಿಕೆಯ ಹುಡುಗಿ. ನನ್ನ ತಮ್ಮ ಸಂಜೆ ಬ್ಯಾಟು ಹಿಡಿದು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಅವನೂ ಚಟುವಟಿಕೆಯ ಹುಡುಗ. ಇಬ್ಬರ ಮೈಯೂ ದಣಿಯಿತು, ಇಬ್ಬರಿಗೂ ಬೆವರು ಬಂತು. ಆದರೆ ಅವನ ಸಂಜೆ ಅವನದಾಗಿತ್ತು. ನೀರು ಸೇದುವಾಗ ತೋಳು ಗಟ್ಟಿಯಾಗುವುದು ನಿಜ. ನಗು ಬರುವುದಿಲ್ಲ, ಗೆಳತಿ ಇರುವುದಿಲ್ಲ, ಬೇಡ ಅನ್ನಿಸಿದಾಗ ನಿಲ್ಲಿಸುವ ಹಾಗೂ ಇಲ್ಲ. ಮುಂದೆ ಮನೆಗೆ ನಲ್ಲಿ ಬಂತು, ಮಿಕ್ಸಿ ಬಂತು, ಆ ಚಟುವಟಿಕೆಯೂ ಹೋಯಿತು. ಆಟದ ಅಭ್ಯಾಸ ಮೊದಲೇ ಹೋಗಿತ್ತಲ್ಲ, ಕೈಯಲ್ಲಿ ಏನೂ ಉಳಿಯಲಿಲ್ಲ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

ಹೋಂವರ್ಕ್ ಮಾಡದಿದ್ದರೆ ಇಪ್ಪತ್ತು ಬಸ್ಕಿ. ತಡವಾಗಿ ಬಂದರೆ ಗ್ರೌಂಡಿಗೆ ಐದು ಸುತ್ತು. ಗಲಾಟೆ ಮಾಡಿದರೆ ಆಟದ ಪೀರಿಯಡ್ ಕಟ್. ಪರೀಕ್ಷೆ ಹತ್ತಿರ ಬಂದರೆ ಪಿ.ಟಿ. ಪೀರಿಯಡ್ ಗಣಿತದ ಮೇಷ್ಟ್ರಿಗೆ. ನಮ್ಮ ಕಾಲದಲ್ಲಿ ಇದೆಲ್ಲ ಇತ್ತು, ನನ್ನ ಮಗಳ ಕಾಲದಲ್ಲೂ ಇತ್ತು. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಬೆತ್ತ ಬಹುಮಟ್ಟಿಗೆ ಮಾಯವಾಯಿತು, ಬಸ್ಕಿ ಉಳಿಯಿತು. ಅದು ವ್ಯಾಯಾಮ ತಾನೆ, ಮೈಗೆ ಒಳ್ಳೆಯದು ತಾನೆ ಎಂಬ ಸಮರ್ಥನೆ ಬೇರೆ. ಗರಡಿ ಮನೆಯಲ್ಲಿ ಮಣ್ಣಿಗೆ ಕೈಮುಗಿದು ಹೊಡೆಯುವ ಬಸ್ಕಿ ಒಂದು. ನಲವತ್ತು ಜನರ ಮುಂದೆ ಕಿವಿ ಹಿಡಿದುಕೊಂಡು, ಎಣಿಕೆ ತಪ್ಪಿದರೆ ಮೊದಲಿನಿಂದ ಎನ್ನಿಸಿಕೊಂಡು ಹೊಡೆಯುವ ಬಸ್ಕಿ ಇನ್ನೊಂದು. ಹತ್ತು ವರ್ಷ ಎರಡನೆಯದನ್ನು ಮಾಡಿಸಿ, ಹದಿನೈದನೇ ವಯಸ್ಸಿನಲ್ಲಿ "ಬಿಡುವಿದ್ದಾಗ ವ್ಯಾಯಾಮ ಮಾಡು" ಎಂದರೆ ಆ ಮಗುವಿನ ಮೈಗೆ ನೆನಪಾಗುವುದು ಅವಮಾನ.

ಇನ್ನೊಂದು, ಆಯ್ಕೆಯ ಕಥೆ. ಐನೂರು ಮಕ್ಕಳ ಶಾಲೆಯಲ್ಲಿ ಹೋಬಳಿ ಮಟ್ಟಕ್ಕೆ ಹೋಗುವ ಕಬಡ್ಡಿ ತಂಡಕ್ಕೆ ಹನ್ನೆರಡು ಜನ, ಖೊಖೊಗೆ ಹನ್ನೆರಡು, ವಾಲಿಬಾಲ್‌ಗೆ ಇನ್ನಷ್ಟು. ಇವರಿಗೆ ಚೆಂಡು, ಇವರಿಗೆ ಮೈದಾನ, ಇವರಿಗೆ ಮೇಷ್ಟ್ರ ಹೊತ್ತು. ಮಿಕ್ಕ ನಾನೂರೈವತ್ತು ಮಕ್ಕಳು ಕ್ರೀಡಾ ದಿನದಂದು ಬಿಸಿಲಲ್ಲಿ ಸಾಲಾಗಿ ಕೂತು ಚಪ್ಪಾಳೆ ತಟ್ಟಬೇಕು. ದೈಹಿಕ ಶಿಕ್ಷಕರನ್ನು ನಾನು ದೂರುವುದಿಲ್ಲ. ಇಡೀ ಶಾಲೆಗೆ ಅವರೊಬ್ಬರೇ ಇರುತ್ತಾರೆ, ಎಷ್ಟೋ ಶಾಲೆಗಳಲ್ಲಿ ಅವರೂ ಇಲ್ಲ. ಇದ್ದವರನ್ನು ಮೇಲಿನವರು ಕೇಳುವುದು ಜಿಲ್ಲಾ ಮಟ್ಟಕ್ಕೆ ಎಷ್ಟು ಜನ ಹೋದರು ಎಂಬುದನ್ನು. ಎಷ್ಟು ಮಕ್ಕಳು ಸಂಜೆ ಸುಮ್ಮನೆ ಖುಷಿಗೆ ಆಡುತ್ತಾರೆ ಎಂದು ಯಾರೂ ಯಾವ ಫಾರಂನಲ್ಲೂ ಕೇಳುವುದಿಲ್ಲ. ತಂದೆತಾಯಿಯರದೂ ಅದೇ ಹಾದಿ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಸರ್ಟಿಫಿಕೇಟ್ ಬರುವ ಹಾಗಿದ್ದರೆ ಆಡು, ಇಲ್ಲದಿದ್ದರೆ ಓದು. ಮಗಳು ಎಂಟನೇ ತರಗತಿಯಲ್ಲಿ ಥ್ರೋಬಾಲ್ ತಂಡಕ್ಕೆ ಆಯ್ಕೆಯಾಗದೆ ಬಂದ ದಿನ ನಾನು ಆಡಿದ ಮೊದಲ ಮಾತು "ಹೋಗ್ಲಿ ಬಿಡು, ಓದೋಕೆ ಟೈಮ್ ಸಿಗುತ್ತೆ" ಎಂಬುದು. ಅವಳು ಆಮೇಲೂ ಎರಡು ವರ್ಷ ಆಡಿದ್ದು ಅವಳ ದೊಡ್ಡತನ.

ಇದಕ್ಕೆ ಪೂರ್ತಿ ಉಲ್ಟಾ ಆದದ್ದೊಂದು ನಮ್ಮ ಕಣ್ಣೆದುರಿಗೇ ಇದೆ, ಕೊಡಗಿನಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ 60 ಕುಟುಂಬಗಳು. ವರ್ಷಕ್ಕೊಂದು ಕುಟುಂಬ ಅದನ್ನು ನಡೆಸಿಕೊಡುತ್ತದೆ, ಹಬ್ಬಕ್ಕೆ ಆ ಕುಟುಂಬದ್ದೇ ಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಹಾಕಿ ಹಬ್ಬದಲ್ಲಿ 360 ಕುಟುಂಬಗಳು ಆಡಿದವು, ಗಿನ್ನೆಸ್ ದಾಖಲೆಯಾಯಿತು. ಒಂದೇ ತಂಡದಲ್ಲಿ ಗಂಡಸರೂ ಹೆಂಗಸರೂ ಇರುತ್ತಾರೆ, ಹೈಸ್ಕೂಲು ಹುಡುಗಿಯ ಪಕ್ಕದಲ್ಲಿ ಅವಳ ದೊಡ್ಡಪ್ಪ ಕೋಲು ಹಿಡಿದು ನಿಂತಿರುತ್ತಾನೆ. ಭಾರತ ತಂಡಕ್ಕೆ ಆಡಿದವರೂ ಆ ಮೈದಾನಕ್ಕೆ ಇಳಿಯುತ್ತಾರೆ, ಕೋಲು ಹಿಡಿದು ಎರಡು ತಿಂಗಳಾದವರೂ ಇಳಿಯುತ್ತಾರೆ. ಕೊಡಗಿನಿಂದ ಇಷ್ಟೊಂದು ಹಾಕಿ ಆಟಗಾರರು ಹೇಗೆ ಬಂದರು ಎಂದು ಕೇಳುವಾಗ ಸೈನ್ಯದ ಪರಂಪರೆ, ಬೆಟ್ಟದ ಗಾಳಿ ಎನ್ನುವುದುಂಟು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಸಣ್ಣ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಹನ್ನೊಂದು ಜನ ಹೊಂದಿಸುವುದೇ ಕಷ್ಟ. ಅಲ್ಲಿ ಹದಿನಾರರ ಹುಡುಗಿಗೆ "ನೀನು ಬರದಿದ್ದರೆ ನಮ್ಮ ಮನೆತನದ ತಂಡವೇ ಇಲ್ಲ" ಎಂಬ ಮಾತು ಕೇಳಿಸುತ್ತದೆ. ಶಾಲೆಯಲ್ಲಿ ಅದೇ ಹುಡುಗಿಗೆ "ನಿನಗಿಂತ ಚೆನ್ನಾಗಿ ಆಡುವವರಿದ್ದಾರೆ" ಎಂದು ಕೇಳಿಸಬಹುದು. ಎರಡನೆಯ ಮಾತು ಕೇಳಿದ ಮೇಲೆ ಬಿಡುವಿನ ವೇಳೆಯಲ್ಲಿ ಯಾರು ತಾನೆ ಮೈದಾನಕ್ಕೆ ಹೋದಾರು?

ಹುಡುಗಿಯರಿಗೆ ಇನ್ನೂ ಒಂದಿದೆ, ಕಣ್ಣುಗಳ ಕಾಟ. ಮೈ ಬದಲಾಗುವ ಹೊತ್ತಿನಲ್ಲೇ ಮೈದಾನ ತೀರಾ ತೆರೆದ ಜಾಗವಾಗಿ ಕಾಣತೊಡಗುತ್ತದೆ. ಓಡುವಾಗ ಎದೆ ಅಲುಗುವುದು, ಬಗ್ಗಿದಾಗ ಟೀ ಶರ್ಟ್ ಮೇಲೇರುವುದು, ಮುಟ್ಟಿನ ದಿನ ಬಟ್ಟೆ ಕಲೆಯಾದೀತೆಂಬ ಹೆದರಿಕೆ, ಕಾಂಪೌಂಡಿನ ಮೇಲೆ ಕೂತ ಹುಡುಗರ ಶಿಳ್ಳೆ. ಆಟಕ್ಕೆಂದೇ ಹೊಲಿದ ಬಿಗಿಯಾದ ಒಳ ಉಡುಪು ಸಿಗುತ್ತದೆ ಎಂದು ನನ್ನ ಮಗಳಿಗೆ ನಾನು ಹೇಳಿದ್ದು ಅವಳಿಗೆ ಹದಿನೈದು ತುಂಬಿದ ಮೇಲೆ. ನನಗೇ ಗೊತ್ತಿರಲಿಲ್ಲ. ಮೂರು ವರ್ಷ ಅವಳು ಥ್ರೋಬಾಲ್ ಆಡುವಾಗ ಎರಡೆರಡು ಪೆಟಿಕೋಟ್ ಹಾಕಿಕೊಂಡು ಹೋಗುತ್ತಿದ್ದಳು. ಇಂಥ ಒಂದು ಸಣ್ಣ ವಿಷಯ ಒಬ್ಬ ಹುಡುಗಿಯನ್ನು ಮೈದಾನದಲ್ಲಿ ಉಳಿಸಬಲ್ಲದು, ಕಳಿಸಲೂಬಲ್ಲದು. ತಾಯಂದಿರು ಇದನ್ನು ಬಾಯಿ ಬಿಟ್ಟು ಮಾತಾಡಬೇಕು. ಅದರ ಮೇಲೆ ನಮ್ಮ ನೆಂಟರ ಬಾಯಲ್ಲಿ ಬರುವ "ಬಿಸಿಲಲ್ಲಿ ಆಡಿ ಕಪ್ಪಾಗ್ತಿದಾಳೆ ನೋಡು" ಎಂಬ ಮಾತು. ಅದನ್ನು ಕೇಳಿದ ಮರುದಿನ ಮಗಳು ಮುಖಕ್ಕೆ ದುಪ್ಪಟ್ಟಾ ಸುತ್ತಿಕೊಂಡು ಷಟಲ್ ಆಡಿದ್ದನ್ನು ನಾನು ಮರೆತಿಲ್ಲ.

ಗಂಡು ಮಕ್ಕಳಿಗೆ ಸುಲಭ ಎಂದು ನಾನು ಬಹಳ ದಿನ ತಿಳಿದಿದ್ದೆ. ನನ್ನ ತಮ್ಮನ ಮಗನನ್ನು ನೋಡಿದ ಮೇಲೆ ಹಾಗನ್ನಿಸುವುದಿಲ್ಲ. ಹದಿನೇಳು ವರ್ಷ, ಸ್ವಲ್ಪ ದಪ್ಪ ಮೈ. ಬೀದಿ ಕ್ರಿಕೆಟ್‌ನಲ್ಲಿ ಅವನಿಗೆ ಸದಾ ವಿಕೆಟ್ ಕೀಪಿಂಗ್. ಅದೂ ಗೋಡೆ ಇಲ್ಲದ ದಿನ ಮಾತ್ರ. ಗೋಡೆ ಇದ್ದರೆ ಅವನು ಬೇಕಾಗಿಲ್ಲ. "ಡುಮ್ಮ" ಎಂಬುದೇ ಅವನ ಹೆಸರಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವನಾಗಿಯೇ ಅರಸೀಕೆರೆಯ ಒಂದು ಜಿಮ್‌ಗೆ ಸೇರಿದ. ಅಲ್ಲಿ ಯಾರೂ ಅವನನ್ನು ಆಯ್ಕೆ ಮಾಡಬೇಕಾಗಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಮೊದಲ ಸಲ ಅವನು ಫೋನಿನಲ್ಲಿ ನನ್ನ ಜೊತೆ ಉತ್ಸಾಹದಿಂದ ಮಾತಾಡಿದ್ದು ಆಗಲೇ. "ಅತ್ತೆ, ಹತ್ತು ಪುಷ್‌ಅಪ್ ಹೊಡೀತೀನಿ ಈಗ."

ಅಷ್ಟರಲ್ಲಿ 2025ರ ಜೂನ್, ಜುಲೈ ಬಂತು. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ದಿನಕ್ಕೊಂದು. ನಾವೀಗ ಇರುವ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮುಂಚೆಯೇ ಜನ ಸಾಲುಗಟ್ಟಿದರು. ನಮ್ಮ ಊರ ಕಡೆಯವರೆಲ್ಲ ಹೆದರಿದ್ದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೇ "ಅಷ್ಟು ಕಸರತ್ತು ಮಾಡುತ್ತಿದ್ದವರಿಗೇ ಹೀಗಾದರೆ" ಎಂಬ ಮಾತು ಮನೆಮನೆಯಲ್ಲೂ ಬೇರುಬಿಟ್ಟಿತ್ತು. ನನ್ನ ತಮ್ಮ ಮಗನನ್ನು ಜಿಮ್ ಬಿಡಿಸಿದ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ಸಮಿತಿ ಅದೇ ಜುಲೈನಲ್ಲಿ ವರದಿ ಕೊಟ್ಟು, ಹಾಸನದಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಹೆದರಿಕೆಗೆ ಟಿವಿಯಲ್ಲಿ ಸಿಕ್ಕ ಜಾಗ ಆ ವರದಿಗೆ ಸಿಗಲಿಲ್ಲ. ಎದೆನೋವು, ತಲೆಸುತ್ತು ಇರುವ ಮಗುವನ್ನೋ, ಮನೆತನದಲ್ಲಿ ಹೃದಯದ ತೊಂದರೆ ಇರುವ ಮಗುವನ್ನೋ ಡಾಕ್ಟರಿಗೆ ತೋರಿಸಿ ಆಟಕ್ಕೆ ಬಿಡುವುದು ಸರಿ. ಏನೂ ಇಲ್ಲದ ಹದಿನೇಳರ ಹುಡುಗನನ್ನು ಹೃದಯದ ಹೆಸರಲ್ಲಿ ಸೋಫಾದ ಮೇಲೆ ಕೂರಿಸುವುದು ಆ ಹೃದಯಕ್ಕೇ ಮಾಡುವ ಅನ್ಯಾಯ. ತಮ್ಮನಿಗೆ ಇದನ್ನು ಹೇಳಿ ಒಪ್ಪಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಹುಡುಗನ ಆಸೆ ಆರಿಹೋಗಿತ್ತು. ಈಗ ಕೇಳಿದರೆ "ನೋಡೋಣ ಅತ್ತೆ" ಎನ್ನುತ್ತಾನೆ.

ಜಾಗದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲೆಂದು ನಮ್ಮ ರಾಜ್ಯದಲ್ಲಿ 1985ರಿಂದಲೇ ಒಂದು ಕಾಯ್ದೆ ಇದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹಿರಿಯರಿಗೆ ನಡೆಯಲು ಇಂಟರ್‌ಲಾಕ್ ಇಟ್ಟಿಗೆಯ ದಾರಿಯಿದೆ, ಚಿಕ್ಕವರಿಗೆ ಜಾರುಬಂಡೆಯಿದೆ, "ಚೆಂಡಾಟ ನಿಷೇಧಿಸಲಾಗಿದೆ" ಎಂಬ ಫಲಕವಿದೆ. ಐದು ವರ್ಷದವರಿಗೂ ಐವತ್ತು ದಾಟಿದವರಿಗೂ ಜಾಗ ಮಾಡಿದ್ದಾರೆ, ಹದಿನೈದರವರಿಗೆ ಫಲಕ ನೆಟ್ಟಿದ್ದಾರೆ. ದುಡ್ಡಿರುವ ಹುಡುಗರು ಟರ್ಫ್ ಬಾಡಿಗೆಗೆ ಹಿಡಿಯುತ್ತಾರೆ, ಗಂಟೆಗೆ ಸಾವಿರದ ಲೆಕ್ಕ. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ನಡೆಯುವವರಲ್ಲಿ ಮುಕ್ಕಾಲು ಪಾಲು ಡಾಕ್ಟರು ಹೇಳಿದ ಮೇಲೆ ಬಂದವರು. ಅವರ ನಡುವೆ ಹದಿಹರೆಯದ ಮುಖ ಹುಡುಕಿದರೂ ಸಿಗುವುದು ಅಪರೂಪ. ಸಿಗುವ ಹೊತ್ತೂ ಅಲ್ಲ ಅದು, ಆ ಮಕ್ಕಳು ಏಳು ಗಂಟೆಯ ಟ್ಯೂಷನ್ನಿಗೆ ಹೊರಟಿರುತ್ತಾರೆ.

ಪಿಯು, ನೀಟ್, ಸಿಇಟಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಗ್ಗೆ ಏಳಕ್ಕೆ ಹೋದ ಮಗು ಸಂಜೆ ಏಳಕ್ಕೆ ಬರುವ ಕೋರ್ಸಿಗೆ ಸಹಿ ಹಾಕಿದವರು ನಾವೇ. ಎರಡು ವರ್ಷ ತಡೆದುಕೋ ಎನ್ನುತ್ತೇವೆ. ಆ ಎರಡು ವರ್ಷದಲ್ಲಿ ಮೈಯೂ ಗೆಳೆತನವೂ ಬೇರೆ ದಾರಿ ಹಿಡಿದಿರುತ್ತವೆ.

ಸೈಕಲ್ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರುಮಾಡಿತು. ನಮ್ಮೂರಿನ ರಸ್ತೆಯಲ್ಲಿ ಎರಡು ಜಡೆ ಹಾಕಿದ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು, ಏರಿನಲ್ಲಿ ಇಳಿದು ತಳ್ಳಿಕೊಂಡು, ಇಳಿಜಾರಿನಲ್ಲಿ ಕಿರುಚಿಕೊಂಡು ಹೋಗುವುದನ್ನು ನಾನು ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನಿಂತು ನೋಡಿದ್ದೇನೆ. ಅದನ್ನು ಯಾರೂ ವ್ಯಾಯಾಮ ಎಂದು ಕರೆಯಲಿಲ್ಲ. ಕರೆಯದಿದ್ದದ್ದೇ ಒಳ್ಳೆಯದಾಯಿತು. ಶಾಲೆಗೆ ಹೋಗುವ ದಾರಿ ಅವರಿಗೆ ಜೊತೆಯನ್ನೂ ಕೊಟ್ಟಿತು, ಗಾಳಿಯನ್ನೂ ಕೊಟ್ಟಿತು, ಊರವರು ಪ್ರಶ್ನಿಸಲಾಗದ ಕಾರಣವನ್ನೂ ಕೊಟ್ಟಿತು. ಕೋವಿಡ್ ಕಾಲದಲ್ಲಿ ಆ ಸೈಕಲ್ ನಿಂತಿತು.

ಮಗಳ ವಿಷಯಕ್ಕೆ ಮರಳುತ್ತೇನೆ. ಶೂ ಅಟ್ಟಕ್ಕೇರಿದ ಮೇಲೆ ನಾನು ಸುಮ್ಮನಿರಲಿಲ್ಲ. ಸ್ಕಿಪ್ಪಿಂಗ್ ಹಗ್ಗ ತಂದೆ, ಮೂಲೆ ಸೇರಿತು. ಯೋಗ ಮ್ಯಾಟ್ ತಂದೆ, ಅದರ ಮೇಲೆ ಕೂತು ಓದಿದಳು. ಕೋಣೆಯ ಬಾಗಿಲು ಹಾಕಿಕೊಂಡು ಯೂಟ್ಯೂಬ್ ನೋಡಿ ಹೊಟ್ಟೆ ಕರಗಿಸುವ ವ್ಯಾಯಾಮವನ್ನು ಅವಳಾಗಿಯೇ ಹನ್ನೊಂದು ದಿನ ಮಾಡಿ, ತೂಕದ ಯಂತ್ರದ ಮೇಲೆ ನಿಂತು, ಅತ್ತು, ಬಿಟ್ಟಳು. ಮುಂದೆ ಸಕ್ಕರೆ ಕಾಯಿಲೆ ಬರುತ್ತದೆ, ಮೂಳೆ ಸವೆಯುತ್ತದೆ ಎಂದೆಲ್ಲ ಹೇಳಿ ನೋಡಿದೆ. ಅವೆಲ್ಲ ನಲವತ್ತೇಳರ ನನ್ನ ಹೆದರಿಕೆಗಳು. ಹದಿನಾರರವಳಿಗೆ ಇವತ್ತಿನ ಸಂಜೆ ಮುಖ್ಯ.

ಅಕ್ಟೋಬರ್‌ನ ಒಂದು ಭಾನುವಾರ ಮಹಡಿ ಮನೆಯ ಬಾಡಿಗೆಯವರ ಮಗಳು ಬಾಗಿಲು ತಟ್ಟಿದಳು. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಆ ವರ್ಷದ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದ್ದರು. ಆ ತಂಡದ ಬಿ. ಚೈತ್ರಾ ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆ ಪಂದ್ಯದ ವಿಡಿಯೊ ನೋಡಿ ನೋಡಿ ಈ ಹುಡುಗಿ ತನ್ನ ಓಣಿಯ ಮಕ್ಕಳನ್ನೆಲ್ಲ ಸೇರಿಸಿಕೊಂಡಿದ್ದಳು. ಅವಳು ನನ್ನ ಮಗಳನ್ನು ಕೇಳಿದ್ದು ಇಷ್ಟೇ: "ಅಕ್ಕ, ಒಬ್ರು ಕಮ್ಮಿ ಇದ್ದೀವಿ, ಬರ್ತೀರಾ?"

ನಾನು ಅಡುಗೆಮನೆಯಲ್ಲಿದ್ದೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ನಂಗೆ ಖೊಖೊ ಬರಲ್ಲ" ಎಂದಳು ಮಗಳು.

"ಪರ್ವಾಗಿಲ್ಲ ಅಕ್ಕ, ಕೂತ್ಕೊಳಿ, ಬೆನ್ನು ಮುಟ್ಟಿದಾಗ ಎದ್ರೆ ಸಾಕು."

ಹೋದಳು. ಒಂದೂವರೆ ಗಂಟೆ ಬರಲಿಲ್ಲ. ಶೂ ಇನ್ನೂ ಅಟ್ಟದ ಮೇಲೇ ಇದೆ, ಮಣ್ಣಿನ ಅಂಕಣದಲ್ಲಿ ಎಲ್ಲರೂ ಬರಿಗಾಲು.

ಆ ಮಕ್ಕಳು ಆಡುತ್ತಿದ್ದದ್ದು ಖಾಲಿ ಸೈಟೊಂದರಲ್ಲಿ. ಡಿಸೆಂಬರ್‌ನಲ್ಲಿ ಅಲ್ಲಿ ಪಾಯ ತೋಡಿದರು. ನೂರು ಹೆಜ್ಜೆ ದೂರದಲ್ಲಿ ಅದೇ ಸರ್ಕಾರಿ ಶಾಲೆಯ ಮೈದಾನ, ನಾಲ್ಕೂವರೆಯಾದರೆ ಗೇಟಿಗೆ ಬೀಗ. ನಾನೂ ಇನ್ನಿಬ್ಬರು ತಾಯಂದಿರೂ ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆವು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಸಭೆಯಲ್ಲಿ ಇಡುತ್ತೇನೆ ಎಂದರು. ಮೊದಲ ಸಭೆಯಲ್ಲಿ ಒಪ್ಪಲಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಮೂರು ಷರತ್ತು ಹಾಕಿ ಒಪ್ಪಿದರು. ದೊಡ್ಡವರೊಬ್ಬರು ಇರಲೇಬೇಕು, ಲೆದರ್ ಬಾಲ್ ಬೇಡ, ಆರೂವರೆಗೆ ಬೀಗ ಹಾಕಬೇಕು. ಈಗ ಮಂಗಳವಾರ ಮತ್ತು ಗುರುವಾರ ಆ ಬೀಗದ ಕೈ ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿರುತ್ತದೆ. ಕಾಲೇಜು ಮುಗಿಸಿ ಮಗಳು ಬರುವುದು ತಡ, ಅವಳಿಗೆ ಸಿಗುವುದು ಅರ್ಧ ಗಂಟೆ. ಒಂದು ಸಂಜೆಯ ಟ್ಯೂಷನ್ ಬಿಡಿಸಿದ್ದೇವೆ. ಯಜಮಾನರು ಇನ್ನೂ ಪೂರ್ತಿ ಮನಸ್ಸಿನಿಂದ ಒಪ್ಪಿಲ್ಲ.

ಪರೀಕ್ಷೆಯ ದಿನಗಳಲ್ಲಿ ಬರುವವರು ಐದೇ ಜನ ಆದರು. ಐದು ಜನಕ್ಕೆ ಖೊಖೊ ಆಗುವುದಿಲ್ಲ, ಲಗೋರಿ ಆಡಿದರು. ಹೆಂಚಿನ ಚೂರು ಪೇರಿಸಲು ಬರದೆ ನನ್ನನ್ನು ಕೇಳಿದರು, ತೋರಿಸಿಕೊಟ್ಟೆ. ಒಂದು ಗುರುವಾರ ಮಗಳಿಗೆ ಮರುದಿನ ಫಿಸಿಕ್ಸ್ ಪರೀಕ್ಷೆ. ತಾನು ಹೋಗದಿದ್ದರೆ ನಾಲ್ಕೇ ಜನ ಆಗುತ್ತಾರೆ ಎಂದು ಇಪ್ಪತ್ತು ನಿಮಿಷಕ್ಕೆ ಬಂದಳು, ಮಂಡಿಯ ಮಣ್ಣನ್ನು ನಲ್ಲಿಯಲ್ಲಿ ತೊಳೆದುಕೊಂಡು ಹೋಗಿ ಓದಲು ಕೂತಳು.

ನಾನು ಗೇಟಿಗೆ ಬೀಗ ಹಾಕುತ್ತಿದ್ದೆ. ಆ ಹೊತ್ತಿಗೆ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಆಟ ನೋಡುತ್ತ ಕೂತಿದ್ದ ಇಬ್ಬರು ಹುಡುಗಿಯರು ಎದ್ದು ಬಂದರು. ಇಬ್ಬರನ್ನೂ ನಾನು ಮೊದಲು ನೋಡಿರಲಿಲ್ಲ. ಒಬ್ಬಳು ಹೈಸ್ಕೂಲಿನ ಯೂನಿಫಾರಂನಲ್ಲಿದ್ದಳು, ಇನ್ನೊಬ್ಬಳು ದುಪ್ಪಟ್ಟಾವನ್ನು ಆಗಲೇ ಸೊಂಟಕ್ಕೆ ಬಿಗಿದುಕೊಂಡಿದ್ದಳು.

"ಆಂಟಿ, ಮಂಗಳವಾರ ಗೇಟ್ ಎಷ್ಟೊತ್ತಿಗೆ ತೆಗೀತೀರಾ?"

ಐದಕ್ಕೆ ಎಂದೆ.